ಅಟ್ಟದಿಂದ ಇಳಿದ ಮೈನಿಂಗ್ ರಿಗ್: ಬದಿಯಡ್ಕದ ಒಂದು ರಿಪೇರಿ ಟಿಪ್ಪಣಿ

ಬಿಟ್‌ಕಾಯಿನ್ ಎಂಬ ಡಿಜಿಟಲ್ ದುಡ್ಡನ್ನು ತೆಗೆಯುವ, ಅಂದರೆ ಮೈನಿಂಗ್ ಮಾಡುವ, ಒಂದು ಹಳೆಯ ಯಂತ್ರದ ರಿಪೇರಿ ಕಥೆ ಇದು. ಅದಕ್ಕೆ ರಿಗ್ ಎನ್ನುತ್ತಾರೆ. ಮೇಜಿನ ಮೇಲೆ ಏನೇನಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಅಡಿಕೆ ದಬ್ಬೆ ಸೀಳಿ, ಮೊಳೆ ಹೊಡೆದು ಮಾಡಿದ ಒಂದು ಚೌಕಟ್ಟು. ಅದರ ಮೇಲೆ ಹಳೆಯ ಎಎಂಡಿ ಮದರ್‌ಬೋರ್ಡ್. ರೇಡಿಯಾನ್ ಎಚ್‌ಡಿ 5770 ಗ್ರಾಫಿಕ್ಸ್ ಕಾರ್ಡ್ ಎರಡು. ಇವಕ್ಕೆಲ್ಲ ಕರೆಂಟು ಕೊಡುವ 600 ವಾಟ್‌ನ ಎಸ್‌ಎಂಪಿಎಸ್ ಒಂದು. ಪಕ್ಕದ ಬಿಸ್ಕಿಟ್ ಡಬ್ಬದಲ್ಲಿ ಪೆನ್‌ಡ್ರೈವ್ ತರಹದ ಐದು ಕಡ್ಡಿಗಳು. ಅವುಗಳ ಹೆಸರು ಬ್ಲಾಕ್ ಇರಪ್ಟರ್, ಅವೂ ಮೈನಿಂಗ್ ಮಾಡುವವೇ.

ಎಲ್ಲವೂ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸೋದರಮಾವನ ಮನೆಯ ಅಟ್ಟದಲ್ಲಿದ್ದವು. ಭಾವ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ, 2011ರಲ್ಲಿ, ಈ ರಿಗ್ ಕಟ್ಟಿದ್ದ. ಕಡ್ಡಿಗಳು ಬಂದದ್ದು 2013ರಲ್ಲಿ. ಆಮೇಲೆ ಅವನು ಬೆಂಗಳೂರಿಗೆ ಹೋದ, ರಿಗ್ ಅಟ್ಟಕ್ಕೆ ಹೋಯಿತು.

ಇದನ್ನು ರಿಪೇರಿ ಮಾಡಲು ಹೊರಟದ್ದು ದುಡ್ಡಿಗಾಗಿ ಅಲ್ಲ. ನಮ್ಮ ಕಡೆ ಈಗ 'ಕಾಯಿನ್' ಎಂಬ ಮಾತು ಮದುವೆ ಮನೆಯ ಪಂಕ್ತಿಯಲ್ಲೂ ಕೇಳುತ್ತದೆ. ಟೈ ಕಟ್ಟಿದವರು ಬಂದು 'ಮೈನಿಂಗ್ ಪ್ಲಾನ್' ಮಾರುತ್ತಾರೆ. ತಿಂಗಳಿಗೆ ಇಷ್ಟು ಗ್ಯಾರಂಟಿ, ಇಬ್ಬರನ್ನು ಸೇರಿಸಿದರೆ ಇನ್ನಷ್ಟು ಎನ್ನುತ್ತಾರೆ. ಮೈನಿಂಗ್ ಮಾಡುವ ಮೆಷಿನನ್ನು ಮಾತ್ರ ಯಾರೂ ತೋರಿಸುವುದಿಲ್ಲ. ನಾನು ಅದನ್ನು ತೋರಿಸಬೇಕು ಅಂದುಕೊಂಡೆ. ಊರಿನ ವಾಚನಾಲಯದಲ್ಲಿ ಒಂದು ಮೇಜು, ಅದರ ಮೇಲೆ ಓಡುವ ಒಂದು ನಿಜವಾದ ಮೈನರ್. ಮಕ್ಕಳು ಕೈ ಹಾಕಿ ಬಿಸಿ ನೋಡಬೇಕು, ದೊಡ್ಡವರು ಮೀಟರ್ ನೋಡಬೇಕು.

ಎಸ್‌ಎಂಪಿಎಸ್

ಹಳೆಯ ಎಸ್‌ಎಂಪಿಎಸ್ ಅನ್ನು ನೇರ ಪ್ಲಗ್ಗಿಗೆ ಹಾಕಬೇಡಿ. 100 ವಾಟ್‌ನ ಹಳೇ ಕಾಲದ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟು ಹಾಕಿ. ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ಒಮ್ಮೆ ಮಿಂಚಿ ಮಂಕಾದರೆ ಮುಂದೆ ಹೋಗಬಹುದು. ಇಲ್ಲಿ ಮಿಂಚಿ ಮಂಕಾಯಿತು.

ನೇರಳೆ ವಯರಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಬರಬೇಕು. ಮೀಟರ್ ಹಿಡಿದರೆ ಮುಳ್ಳು 4ರ ಆಸುಪಾಸಿನಲ್ಲೇ ತೂಗಾಡುತ್ತಿತ್ತು. ಮುಚ್ಚಳ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಸ್ಟ್ಯಾಂಡ್‌ಬೈ ಕಡೆಯ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ನಮ್ಮ ಊರಿನ ಸೆಕೆಗೆ, ಅಟ್ಟದ ಹಂಚಿನ ಬಿಸಿಗೆ ಕೆಪಾಸಿಟರ್ ಒಣಗುವುದು ಸಹಜ. 1000 ಮೈಕ್ರೋಫ್ಯಾರಡ್, 10 ವೋಲ್ಟ್‌ನವು ಇದ್ದವು. ಅಷ್ಟೇ ಮೈಕ್ರೋಫ್ಯಾರಡ್‌ನ 16 ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವ) ಕೆಪಾಸಿಟರ್ ಹಾಕಿದೆ. ಮಾಮೂಲಿ ಕೆಪಾಸಿಟರ್ ಹಾಕಿದರೆ ಸ್ವಲ್ಪ ದಿನ ನಡೆದು ಮತ್ತೆ ಉಬ್ಬುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 230 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಪ್ಲಗ್ ತೆಗೆದ ಮೇಲೂ ಇರಬಹುದು. ಬಲ್ಬಿನ ಹೋಲ್ಡರಿಗೆ ಎರಡು ವಯರ್ ಕಟ್ಟಿ ಮೊದಲು ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ತುಂಬಾ ಜನರಿಗೆ ಇದೆ. ಬೇಡ.

ಹಸಿರು ವಯರನ್ನು ಕಪ್ಪಿಗೆ ಮುಟ್ಟಿಸಿದಾಗ ಫ್ಯಾನ್ ತಿರುಗಿತು. ಹಳದಿಯಲ್ಲಿ 12.1, ಕೆಂಪಿನಲ್ಲಿ 5.05. ಸಾಕು.

ಕಾರ್ಡ್‌ಗಳು

5770 ಕಾರ್ಡಿನ ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಧೂಳು ಕಂಬಳಿಯ ಹಾಗೆ ಎದ್ದು ಬಂತು. ಫ್ಯಾನ್ ಹಿಡಿದುಕೊಂಡಿತ್ತು. ಸ್ಟಿಕ್ಕರ್ ಎತ್ತಿ ಬುಷ್‌ಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ, ತಿರುಗಿತು. ಚಿಪ್‌ನ ಮೇಲಿನ ಪೇಸ್ಟ್ ಸುಣ್ಣವಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಎರಡನೇ ಕಾರ್ಡ್ ಸತ್ತಿದೆ. ಸ್ಲಾಟಿಗೆ ಹೋಗುವ ತುದಿಯನ್ನು ರಬ್ಬರಿನಿಂದ ಉಜ್ಜಿ ಹಸಿರು ಕಿಲುಬು ತೆಗೆದರೂ ಎದ್ದಿಲ್ಲ. 12 ವೋಲ್ಟ್ ದಾರಿಯಲ್ಲೇ ಶಾರ್ಟ್ ಇದೆ. ಅದನ್ನು ಬಿಚ್ಚಿದ ಸ್ಥಿತಿಯಲ್ಲೇ ಪ್ರದರ್ಶನಕ್ಕೆ ಇಡುತ್ತೇನೆ. ಚಿಪ್ ಎಂದರೆ ಏನು ಎಂದು ಮಕ್ಕಳಿಗೆ ತೋರಿಸಲು ಅದೇ ಒಳ್ಳೆಯದು.

ಆಗಿನವರು ರೇಡಿಯಾನ್ ಕಾರ್ಡನ್ನೇ ಯಾಕೆ ಹುಡುಕುತ್ತಿದ್ದರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಟ್‌ಕಾಯಿನ್ ಮೈನಿಂಗ್ ಅಂದರೆ ಎಸ್‌ಎಚ್‌ಎ-256 ಎಂಬ ಲೆಕ್ಕವನ್ನು ಎಡೆಬಿಡದೆ ಮಾಡುತ್ತಾ ಇರುವುದು. ಬ್ಲಾಕ್ ಅಂದರೆ ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ಖಾತೆಯ ಒಂದು ಪುಟ. ಅದರ ತಲೆಬರಹದಲ್ಲಿ ಒಂದು ಸಂಖ್ಯೆ ಬದಲಿಸು, ಲೆಕ್ಕ ಮಾಡು, ಉತ್ತರ ಗುರಿಗಿಂತ ಚಿಕ್ಕದಾ ನೋಡು. ಚಿಕ್ಕದಾದರೆ ಬ್ಲಾಕ್ ನಿನ್ನದು, ಬಹುಮಾನಕ್ಕೆ ಹೊಸ ಬಿಟ್‌ಕಾಯಿನ್. ಇಲ್ಲವಾ, ಮತ್ತೆ ಬದಲಿಸು. ಇದರಲ್ಲಿ ಜಾಣತನ ಇಲ್ಲ, ವೇಗ ಮಾತ್ರ. 5770ರಲ್ಲಿ 800 ಪುಟ್ಟ ಲೆಕ್ಕದ ಘಟಕಗಳಿದ್ದವು. ಅದೇ ಕಾಲದ ಎನ್‌ವಿಡಿಯಾ ಜಿಟಿಎಕ್ಸ್ 285ರಲ್ಲಿ 240. ಮೇಲಾಗಿ ಈ ಲೆಕ್ಕದಲ್ಲಿ ಬಿಟ್‌ಗಳನ್ನು ಸುತ್ತಿಸುವ ಕೆಲಸ ಹೆಜ್ಜೆಹೆಜ್ಜೆಗೂ ಬರುತ್ತದೆ. ರೇಡಿಯಾನ್ ಅದನ್ನು ಒಂದೇ ಆಜ್ಞೆಯಲ್ಲಿ ಮುಗಿಸುತ್ತಿತ್ತು. ಎನ್‌ವಿಡಿಯಾಕ್ಕೆ ಮೂರು ಬೇಕಿತ್ತು. ಹಾಗಾಗಿ ಗೇಮ್ ಆಡುವವರಿಗೆ ಯಾವುದಾದರೂ ನಡೆದೀತು, ಮೈನರ್‌ಗೆ ರೇಡಿಯಾನೇ ಬೇಕು.

ಹಾರ್ಡ್ ಡಿಸ್ಕಿನಲ್ಲಿ ಭಾವ ಹಾಕಿದ್ದ ಉಬುಂಟು ಆಪರೇಟಿಂಗ್ ಸಿಸ್ಟಮ್ ಹಾಗೇ ಇತ್ತು. ಸಿಜಿಮೈನರ್ ಕೂಡ ಇತ್ತು. ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ ಬರೆದ ಮೈನಿಂಗ್ ಪ್ರೋಗ್ರಾಂ ಅದು, ಅವರು ವೃತ್ತಿಯಲ್ಲಿ ಅರಿವಳಿಕೆ ವೈದ್ಯರು. ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಮಾಡುವ ಕೊನೆಯ ಆವೃತ್ತಿ 3.7.2. ಹೊಸದನ್ನು ಇಳಿಸಿಕೊಂಡರೆ ಕಾರ್ಡ್ ಕಾಣುವುದೇ ಇಲ್ಲ, ಇದು ನೆನಪಿಡಿ.

ಓಡಿಸಿದಾಗ ಒಂದು ಕಾರ್ಡಿಗೆ ಸೆಕೆಂಡಿಗೆ ಸುಮಾರು 200 ಮೆಗಾಹ್ಯಾಶ್ ಬಂತು. ಅಂದರೆ ಸೆಕೆಂಡಿಗೆ 20 ಕೋಟಿ ಲೆಕ್ಕ. ಮಾವ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು.

"ಅಷ್ಟು ಲೆಕ್ಕ ಮಾಡಿ ಏನು ಸಿಗುತ್ತದೆ?"

"ಹೆಚ್ಚಿನ ಸಲ ಏನೂ ಸಿಗುವುದಿಲ್ಲ, ಮಾವ. ಸೆಕೆಂಡಿಗೆ 20 ಕೋಟಿ ಲಾಟರಿ ಟಿಕೆಟು ಹರಿದು ಬಿಸಾಡಿದ ಹಾಗೆ."

"ಕರೆಂಟು?"

ಇದು ಸರಿಯಾದ ಪ್ರಶ್ನೆ. ಎರಡು ಕಾರ್ಡ್ ಓಡುತ್ತಿದ್ದ ಕಾಲಕ್ಕೆ ಈ ರಿಗ್ ಗೋಡೆಯಿಂದ 300 ವಾಟ್ ಎಳೆಯುತ್ತಿತ್ತು ಎಂದಿಟ್ಟುಕೊಳ್ಳೋಣ. ದಿನಕ್ಕೆ 7.2 ಯೂನಿಟ್, ತಿಂಗಳಿಗೆ 216. ಕೇರಳದಲ್ಲಿ ಮನೆ ಬಳಕೆಗೆ ತಿಂಗಳ ಸರಾಸರಿ 250 ಯೂನಿಟ್ ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ. ಅದನ್ನು ದಾಟಿದರೆ ಮೊದಲನೇ ಯೂನಿಟ್‌ನಿಂದಲೂ ಎಲ್ಲಕ್ಕೂ ಒಂದೇ ಜಾಸ್ತಿ ದರ. ಮನೆಯ ಫ್ರಿಜ್, ಮಿಕ್ಸಿ, ಫ್ಯಾನ್‌ಗಳ ಜೊತೆ ಈ 216 ಸೇರಿದರೆ 250 ದಾಟುವುದು ಖಂಡಿತ. ಬಿಲ್ ಬರುವುದೋ ಎರಡು ತಿಂಗಳಿಗೊಮ್ಮೆ. ಮೈನರ್ ಬರೀ ತನ್ನ ಕರೆಂಟಿನ ದುಡ್ಡು ತಿನ್ನುವುದಿಲ್ಲ, ಇಡೀ ಮನೆಯ ಯೂನಿಟ್ ದರವನ್ನೇ ಏರಿಸುತ್ತದೆ. ಪ್ಲಾನ್ ಮಾರುವವರ ಲೆಕ್ಕದ ಹಾಳೆಯಲ್ಲಿ ಈ ಸಾಲು ಎಲ್ಲಿಯೂ ಇರುವುದಿಲ್ಲ.

ಕಡ್ಡಿಗಳು

ನನಗೆ ಅತಿ ಇಷ್ಟವಾದ ಭಾಗ ಇದು. ಬ್ಲಾಕ್ ಇರಪ್ಟರ್ 2013ರಲ್ಲಿ ಬಂದ ಯುಎಸ್‌ಬಿ ಮೈನರ್. ಒಳಗೆ ಒಂದೇ ಒಂದು ಚಿಪ್. ಎಸ್‌ಎಚ್‌ಎ-256 ಬಿಟ್ಟು ಅದಕ್ಕೆ ಬೇರೇನೂ ಬರುವುದಿಲ್ಲ. 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ 2.5 ವಾಟ್. ವೇಗ ಸುಮಾರು 336 ಮೆಗಾಹ್ಯಾಶ್. ನೂರರ ಆಸುಪಾಸು ವಾಟ್ ತಿಂದು 200 ಕೊಡುವ ಕಾರ್ಡ್ ಎಲ್ಲಿ, ಎರಡೂವರೆ ವಾಟಿಗೆ 336 ಕೊಡುವ ಇದೆಲ್ಲಿ! ವಾಟ್ ಲೆಕ್ಕದಲ್ಲಿ ಅರುವತ್ತು ಪಟ್ಟಿಗಿಂತ ಜಾಸ್ತಿ. ಗ್ರಾಫಿಕ್ಸ್ ಕಾರ್ಡಿನಲ್ಲಿ ಬಿಟ್‌ಕಾಯಿನ್ ತೆಗೆಯುವ ಕಾಲ ಯಾಕೆ ಅಷ್ಟು ಬೇಗ ಮುಗಿಯಿತು ಎಂಬುದಕ್ಕೆ ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಮೂರು ಕಡ್ಡಿಗಳು ಸುಮ್ನೆ ಒರೆಸಿದ್ದಕ್ಕೇ ಎದ್ದವು. ಒಂದರ ಪ್ಲಗ್ಗಿನಲ್ಲಿ ಕಿಲುಬು. ಹಲ್ಲುಜ್ಜುವ ಬ್ರಷ್, ಆಲ್ಕೋಹಾಲ್, ಮುಗಿಯಿತು. ಇನ್ನೊಂದು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯ. ಬೆರಳಿನಿಂದ ಪ್ಲಗ್ಗನ್ನು ಒತ್ತಿದರೆ ಕಾಣುವುದು, ಬಿಟ್ಟರೆ ಇಲ್ಲ. ಯುಎಸ್‌ಬಿ ತುದಿ ಬೋರ್ಡಿಗೆ ಸೇರುವಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಫ್ಲಕ್ಸ್ ಹಚ್ಚಿ ನಾಲ್ಕೂ ಕಾಲುಗಳಿಗೆ ಹೊಸ ಲೆಡ್ ಕೊಟ್ಟೆ. ಹಿಂಭಾಗದ ಅಲ್ಯುಮಿನಿಯಂ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ಸಣ್ಣ ಐರನ್ ಸಾಲುವುದಿಲ್ಲ, 60 ವಾಟ್‌ನದ್ದು ಬೇಕು.

ಇವನ್ನು ಓಡಿಸಲು ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟೆ. ಪೈಗೆ ಇರುವುದು ನಾಲ್ಕೇ ಯುಎಸ್‌ಬಿ ಪೋರ್ಟ್, ನಾಲ್ಕಕ್ಕೂ ಕಡ್ಡಿ ಚುಚ್ಚಿದರೆ ಅದು ತಾನೇ ಮಲಗುತ್ತದೆ. ಐದಕ್ಕೆ 2.5 ಆಂಪಿಯರ್ ಬೇಕು. ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಲೇಬೇಕು. ಹಬ್‌ಗೆ 5 ವೋಲ್ಟ್ 4 ಆಂಪಿಯರ್ ಅಡಾಪ್ಟರ್ ಕೊಟ್ಟರೂ ಲೋಡ್ ಬಿದ್ದಾಗ ಪೋರ್ಟಿನಲ್ಲಿ 4.6 ವೋಲ್ಟ್ ಮಾತ್ರ ಇತ್ತು. ತಪ್ಪು ಅಡಾಪ್ಟರಿನದ್ದಲ್ಲ, ಅದರ ನೂಲಿನಂಥ ವಯರಿನದ್ದು. ದಪ್ಪ ವಯರಿನ ಗಿಡ್ಡ ತುಂಡು ಹಾಕಿದ ಮೇಲೆ 4.95ಕ್ಕೆ ಬಂತು. ಕಡ್ಡಿಗಳು ಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಕಂಪ್ಯೂಟರಿನ ಹಳೆಯ 12 ವೋಲ್ಟ್ ಫ್ಯಾನನ್ನು 5 ವೋಲ್ಟಿಗೆ ಕಟ್ಟಿ ಎದುರಿಗೆ ನಿಲ್ಲಿಸಿದೆ. ಸದ್ದಿಲ್ಲದೆ ತಿರುಗುತ್ತದೆ, ಸಾಕಷ್ಟು ಗಾಳಿ ಬರುತ್ತದೆ.

ಪೈಯಲ್ಲಿ ಸಿಜಿಮೈನರ್‌ನ ಹೊಸ ಆವೃತ್ತಿಯನ್ನು, ಕಡ್ಡಿಗಳನ್ನು ಗುರುತಿಸುವ ಇಕಾರಸ್ ಡ್ರೈವರ್ ಸೇರಿಸಿ, ಕಂಪೈಲ್ ಮಾಡಬೇಕು. ಆಗ ಪರದೆಯಲ್ಲಿ ಎಎಂಯು 0, ಎಎಂಯು 1 ಎಂದು ಕಡ್ಡಿಗಳು ಸಾಲಾಗಿ ಕಾಣುತ್ತವೆ. ಐದೂ ಕಂಡವು.

ಯಾವ ಜಾಲಕ್ಕೆ ಜೋಡಿಸುವುದು?

ನಿಜವಾದ ಬಿಟ್‌ಕಾಯಿನ್ ಜಾಲಕ್ಕೆ ಜೋಡಿಸಿ ಪ್ರಯೋಜನ ಇಲ್ಲ. ಜಗತ್ತಿನ ಮೈನರ್‌ಗಳೆಲ್ಲ ಸೇರಿದ ವೇಗ 600 ಎಕ್ಸಾಹ್ಯಾಶ್ (ಒಂದು ಎಕ್ಸಾಹ್ಯಾಶ್ ಎಂದರೆ ಲಕ್ಷ ಕೋಟಿ ಮೆಗಾಹ್ಯಾಶ್) ಎಂದು ಹಿಡಿದರೂ, ಈ ಒಂದು ಕಡ್ಡಿಗೆ ಒಂದು ಬ್ಲಾಕ್ ಸಿಗಲು ಸರಾಸರಿ ಮೂರು ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು. ಅದೇ ಕಡ್ಡಿಯನ್ನು 2009ಕ್ಕೆ ಒಯ್ದರೆ? ಆ ವರ್ಷ ಜನವರಿ 3ರಂದು ಮೊದಲ ಬ್ಲಾಕ್ ಬಂತು. ಡಿಸೆಂಬರ್ ಕೊನೆಯ ತನಕ ಡಿಫಿಕಲ್ಟಿ, ಅಂದರೆ ಬ್ಲಾಕ್ ಸಿಗುವುದು ಎಷ್ಟು ಕಷ್ಟ ಎಂಬ ಅಳತೆ, 1ರಲ್ಲೇ ಇತ್ತು. ಡಿಫಿಕಲ್ಟಿ 1 ಎಂದರೆ ಸರಾಸರಿ 429 ಕೋಟಿ ಲೆಕ್ಕಕ್ಕೆ ಒಂದು ಬ್ಲಾಕ್. ನಮ್ಮ ಕಡ್ಡಿಗೆ ಅದು 13 ಸೆಕೆಂಡಿನ ಕೆಲಸ. ಆಗಿನವರ ಮನೆಯ ಕಂಪ್ಯೂಟರ್ ಸೆಕೆಂಡಿಗೆ 20 ಲಕ್ಷ ಲೆಕ್ಕ ಮಾಡಿದರೂ ಅರ್ಧ ಗಂಟೆ ಚಿಲ್ಲರೆಯಲ್ಲಿ 50 ಬಿಟ್‌ಕಾಯಿನ್ ಬರುತ್ತಿತ್ತು. ಕೊಳ್ಳುವವರು ಹೆಚ್ಚುಕಡಿಮೆ ಯಾರೂ ಇರಲಿಲ್ಲ, ಅಷ್ಟೇ.

ಅದಕ್ಕೆ ನಮ್ಮದೇ ಒಂದು ಖಾಸಗಿ ಜಾಲ ಮಾಡಿದೆ. ಬಿಟ್‌ಕಾಯಿನ್ ಕೋರ್ ಸಾಫ್ಟ್‌ವೇರಿನಲ್ಲೇ ರೆಗ್‌ಟೆಸ್ಟ್ ಎಂಬ ಪರೀಕ್ಷೆಯ ವ್ಯವಸ್ಥೆ ಇದೆ. ಅದರ ಗುರಿ ತುಂಬಾ ಸುಲಭ, ಕಡ್ಡಿ ಕೊಡುವ ಪ್ರತಿಯೊಂದು ಉತ್ತರವೂ ಬ್ಲಾಕ್ ಆಗಿಬಿಡುತ್ತದೆ. ಒಂದೇ ಕಡ್ಡಿ ಹಾಕಿದರೆ ಸುಮಾರು 13 ಸೆಕೆಂಡಿಗೊಂದು ಬ್ಲಾಕ್. ನಿಜಕ್ಕೂ 2009ರ ವೇಗ! ಐದನ್ನೂ ಹಾಕಿದರೆ ಎಣಿಸಲು ಪುರುಸೊತ್ತು ಸಿಗುವುದಿಲ್ಲ, ಅದಕ್ಕೆ ಪ್ರದರ್ಶನಕ್ಕೆ ಒಂದೇ ಸಾಕು.

ಇದರಲ್ಲಿ ಇನ್ನೊಂದು ಚಂದ ಇದೆ. ನಿಜವಾದ ಬಿಟ್‌ಕಾಯಿನ್‌ನಲ್ಲಿ 2,10,000 ಬ್ಲಾಕಿಗೊಮ್ಮೆ ಬಹುಮಾನ ಅರ್ಧವಾಗುತ್ತದೆ. 2012ರಲ್ಲಿ 50 ಹೋಗಿ 25 ಆಯಿತು, 2016ರಲ್ಲಿ 12.5, 2020ರಲ್ಲಿ 6.25, 2024ರಲ್ಲಿ 3.125. ರೆಗ್‌ಟೆಸ್ಟ್‌ನಲ್ಲಿ 150 ಬ್ಲಾಕಿಗೇ ಅರ್ಧ. ಹಾಗಾಗಿ ನಾಲ್ಕು ವರ್ಷದ ಕಥೆ ಸುಮಾರು ಅರ್ಧ ಗಂಟೆಯಲ್ಲಿ ಕಣ್ಣೆದುರು ನಡೆಯುತ್ತದೆ. ಹೊಸ ನಾಣ್ಯವನ್ನು ಅದರ ಮೇಲೆ ಇನ್ನೂ ನೂರು ಬ್ಲಾಕ್ ಕೂರುವ ತನಕ ಖರ್ಚು ಮಾಡಲು ಬರುವುದಿಲ್ಲ ಎಂಬ ನಿಯಮವೂ ಹಾಗೇ ಇದೆ. ಚಾ ಕುಡಿದು ಬರುವಷ್ಟು ಹೊತ್ತು ಕಾದರೆ ಒಂದು ವಾಲೆಟ್‌ನಿಂದ ಇನ್ನೊಂದಕ್ಕೆ ಕಳಿಸಬಹುದು.

ವಾಚನಾಲಯದಲ್ಲಿ ಇಟ್ಟಾಗ ಎಂಟನೇ ಕ್ಲಾಸಿನ ಒಬ್ಬಳು ಕೇಳಿದಳು. "ಮಾಮ, ನಮ್ಮ ಹತ್ರ ಈಗ 50 ಉಂಟಲ್ಲ, ಅದಕ್ಕೆ ಎಷ್ಟು ರೂಪಾಯಿ?" ಏನೂ ಇಲ್ಲ ಎಂದೆ. "ಅದೇ ಲೆಕ್ಕ, ಅದೇ ಮೆಷಿನು ಅಲ್ವಾ? ಮತ್ತೆ ಅದಕ್ಕೆ ಮಾತ್ರ ಯಾಕೆ ರೇಟು?" ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. ಲೆಕ್ಕ ಮಾಡಿದ್ದಕ್ಕೆ ರೇಟು ಬರುವುದಿಲ್ಲ. ಅದನ್ನು ಬೇಕು ಎನ್ನುವವರು ಇದ್ದಾಗ ಬರುತ್ತದೆ. ಲೆಕ್ಕ ಇರುವುದು ಯಾರೂ ಮೋಸದಿಂದ ಹಳೆಯ ಬ್ಲಾಕ್ ತಿದ್ದಬಾರದು ಎಂಬುದಕ್ಕೆ. ಇದನ್ನು ಆ ಹುಡುಗಿ ಹತ್ತು ನಿಮಿಷದಲ್ಲಿ ಹಿಡಿದಳು.

ಪ್ರಚಾರದ ಜಗಳ

ಭಾವನ ಜೊತೆ ಫೋನಿನಲ್ಲಿ ಮಾತಾಡುವಾಗ ಅವನು ಹಳೆಯ ವಾದಗಳನ್ನು ನೆನಪಿಸಿದ. ಡಿಜಿಟಲ್ ದುಡ್ಡನ್ನು ಜನರಿಗೆ ಹೇಗೆ ತಲುಪಿಸಬೇಕು, ಎಷ್ಟು ಬೇಗ ತಲುಪಿಸಬೇಕು ಎಂದು ಶುರುವಿನವರು ತಮ್ಮತಮ್ಮಲ್ಲೇ ಜಗಳ ಆಡಿದ್ದಾರೆ. ಬಿಟ್‌ಕಾಯಿನ್ ಹುಟ್ಟಿಸಿದ ಸತೋಶಿ ನಾಕಾಮೊಟೊ 2009ರ ಡಿಸೆಂಬರಿನಲ್ಲೇ ಕೇಳಿಕೊಂಡಿದ್ದ, ಗ್ರಾಫಿಕ್ಸ್ ಕಾರ್ಡಿನ ಪೈಪೋಟಿಯನ್ನು ಎಲ್ಲರೂ ಒಪ್ಪಿ ಆದಷ್ಟು ಮುಂದೂಡೋಣ ಎಂದು. ಮಾಮೂಲಿ ಕಂಪ್ಯೂಟರ್ ಇರುವವನೂ ಸೇರಿಕೊಳ್ಳಲಿ ಎಂಬುದು ಅವನ ಆಸೆ. ಅದು ನಡೆಯಲಿಲ್ಲ. 2010ರಲ್ಲೇ ಕಾರ್ಡುಗಳು ಬಂದವು. 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿದ ಲಾಸ್ಲೊ ಹಾನ್ಯೆಟ್ಸ್ ಕಾರ್ಡಿನಲ್ಲಿ ಮೈನಿಂಗ್ ಶುರು ಮಾಡಿದ ಮೊದಲಿಗರಲ್ಲಿ ಒಬ್ಬರು.

ಅದೇ ವರ್ಷ, ಬಿಟ್‌ಕಾಯಿನ್ ಸಾಫ್ಟ್‌ವೇರ್ ಬರೆಯುವವರಲ್ಲಿ ಒಬ್ಬರಾದ ಗ್ಯಾವಿನ್ ಆಂಡ್ರೆಸೆನ್ ಕೇಳಿದವರಿಗೆಲ್ಲ 5 ಬಿಟ್‌ಕಾಯಿನ್ ಪುಕ್ಕಟೆ ಕೊಡುವ ಫಾಸೆಟ್ ಎಂಬ ಜಾಲತಾಣ ನಡೆಸಿದರು. ದುಡ್ಡು ಹಾಕಿ ಎನ್ನಲಿಲ್ಲ, ಮುಟ್ಟಿ ನೋಡಿ ಎಂದರು. ನನಗೆ ಇದು ತುಂಬಾ ಹಿಡಿಸಿದ ರೀತಿ.

ಡಿಸೆಂಬರ್ 2010ರ ವಿಕಿಲೀಕ್ಸ್ ವಿಷಯ ಇನ್ನೂ ದೊಡ್ಡದು. ಸರಕಾರಗಳ ಗುಟ್ಟಿನ ಕಡತ ಹೊರಹಾಕುವ ವಿಕಿಲೀಕ್ಸ್‌ಗೆ ದೇಣಿಗೆ ಹೋಗದಂತೆ ಪೇಪಾಲ್‌ನಂಥ ಪಾವತಿ ಕಂಪನಿಗಳು ತಡೆದಾಗ, ಬಿಟ್‌ಕಾಯಿನ್ ಅಲ್ಲಿಗೆ ಹೋಗಲಿ, ಜಗತ್ತೇ ನೋಡಲಿ ಎಂದು ಕೆಲವರು ಹುರುಪಿನಲ್ಲಿದ್ದರು. ಸತೋಶಿ ಬೇಡ ಎಂದ. ಇದು ಇನ್ನೂ ಎಳೆಯದು, ಈಗಲೇ ಅಷ್ಟು ಬೆಳಕು ಬಿದ್ದರೆ ತಡೆಯಲಾರದು ಎಂಬುದು ಅವನ ಮಾತಿನ ಸಾರ. ಆ ತಿಂಗಳಲ್ಲೇ ಅವನ ಸಾರ್ವಜನಿಕ ಬರಹ ನಿಂತಿತು. ಅಂತರ್ಜಾಲದಲ್ಲಿ ಜನರ ಹಕ್ಕುಗಳ ಪರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕೂಡ ಬಿಟ್‌ಕಾಯಿನ್ ದೇಣಿಗೆ ತೆಗೆದುಕೊಳ್ಳುತ್ತಿದ್ದದ್ದನ್ನು 2011ರಲ್ಲಿ ನಿಲ್ಲಿಸಿ, ಮತ್ತೆ 2013ರಲ್ಲಿ ಶುರು ಮಾಡಿತು.

ಭಾವ ಪ್ರಚಾರದ ಪರ. ಜನ ಬಾರದಿದ್ದರೆ ಅದು ಹುಡುಗರ ಆಟವಾಗಿಯೇ ಉಳಿಯುತ್ತಿತ್ತು ಎನ್ನುತ್ತಾನೆ. ಅದರಲ್ಲಿ ಸತ್ಯ ಇದೆ. ಆದರೆ ನಾನು ನಿಧಾನ ಎಂದವರ ಕಡೆ. ಯಾಕೆಂದರೆ ಅವನದೇ ಕಡ್ಡಿಗಳ ಲೆಕ್ಕ ನೋಡಿ. ಬ್ಲಾಕ್ ಇರಪ್ಟರ್ ಶುರುವಿನಲ್ಲಿ ಒಂದಕ್ಕೆ ಸುಮಾರು 2 ಬಿಟ್‌ಕಾಯಿನ್ ಬೆಲೆ. 2013ರ ಜೂನ್ ಕೊನೆಗೆ ಡಿಫಿಕಲ್ಟಿ ಸುಮಾರು 2 ಕೋಟಿ. ಅದು ಹಾಗೇ ನಿಂತಿದ್ದರೆ ಒಂದು ಕಡ್ಡಿ ಎಂಟು ತಿಂಗಳೊಳಗೆ ತನ್ನ ಬೆಲೆ ದುಡಿಯುತ್ತಿತ್ತು. ಎಲ್ಲರೂ ಹಾಕಿದ ಲೆಕ್ಕ ಅದೇ. ಆದರೆ ಡಿಫಿಕಲ್ಟಿ 2016 ಬ್ಲಾಕಿಗೊಮ್ಮೆ ಬದಲಾಗುತ್ತದೆ. ಹೊಸ ಮೆಷಿನ್ ಬಂದಷ್ಟೂ ಏರುತ್ತದೆ. ಡಿಸೆಂಬರ್ ಕೊನೆಗೆ ಅದು 118 ಕೋಟಿ ದಾಟಿತ್ತು. ಆ ಮಟ್ಟದಲ್ಲಿ ಒಂದು ಕಡ್ಡಿಯ ವರ್ಷದ ದುಡಿಮೆ ಒಂದು ಬಿಟ್‌ಕಾಯಿನ್‌ನ ಇಪ್ಪತ್ತನೇ ಒಂದು ಭಾಗ. ಇದು ಮೋಸವಲ್ಲ, ನಿಯಮದಲ್ಲೇ ಬರೆದದ್ದು. ಅದನ್ನು ಓದಿದವನು ಭಾವನ ಹಾಗೆ ತಿಳಿದು ಆಡುತ್ತಾನೆ. ಓದದವನಿಗೆ 'ತಿಂಗಳಿಗೆ ಇಷ್ಟು ಗ್ಯಾರಂಟಿ' ಎಂದು ಮಾರಿದರೆ ಅದು ಅನ್ಯಾಯ. ನನಗೆ ಸಿಟ್ಟು ಬರುವುದು ಅಲ್ಲಿ.

ನಮ್ಮ ದೇಶದ ಮಾತೂ ಇರಲಿ. ರಿಸರ್ವ್ ಬ್ಯಾಂಕ್ 2013ರ ಡಿಸೆಂಬರಿನಲ್ಲಿ ಮೊದಲ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲಿನಲ್ಲಿ ಬ್ಯಾಂಕುಗಳು ಇದಕ್ಕೆ ಸೇವೆ ಕೊಡಬಾರದು ಎಂದಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ 30 ಶೇಕಡಾ ತೆರಿಗೆ. ಮೈನಿಂಗ್ ಮೆಷಿನಿಗೆ ಹಾಕಿದ ದುಡ್ಡನ್ನು ಖರ್ಚು ಎಂದು ಕಳೆಯಲು ಬಿಡುವುದಿಲ್ಲ.

ಅತ್ತೆ ಒಂದು ದಿನ ಅಡುಗೆ ಮನೆಯಿಂದ ಬಂದು, "ಪ್ಲಾನಿನವರು ನಾಳೆ ಪುನಃ ಬರುತ್ತಾರಂತೆ, ಏನು ಹೇಳಲಿ ಮಗಾ?" ಎಂದು ಕೇಳಿದರು. ನಿಮ್ಮ ಮೆಷಿನ್ ಎಲ್ಲಿದೆ, ಸೆಕೆಂಡಿಗೆ ಎಷ್ಟು ಹ್ಯಾಶ್, ಕರೆಂಟು ಬಿಲ್ ಯಾರ ಹೆಸರಲ್ಲಿ ಬರುತ್ತದೆ ಎಂದು ಕೇಳಿ ಅತ್ತೆ ಎಂದೆ. ಅವರು ಕೇಳಿದರು. ಬಂದವರು ಫೋನ್ ಬಂತು ಎಂದು ಹೊರಗೆ ಹೋದವರು ಒಳಗೆ ಬರಲಿಲ್ಲ.

ಇನ್ನು ಬಾಕಿ

ಗುಡುಗು ಮಳೆಯ ಕಾಲಕ್ಕೆ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಬೇಕು. ಹಾಕಿದರೂ ಸಿಡಿಲು ಶುರುವಾದರೆ ಪ್ಲಗ್ ಮತ್ತು ನೆಟ್‌ವರ್ಕ್ ವಯರ್ ಎರಡನ್ನೂ ಕೀಳಲೇಬೇಕು ಎಂದು ಚೌಕಟ್ಟಿನ ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸಿದ್ದೇನೆ.

ಇನ್ನೊಂದು ಪೈ ತಂದು ನಮ್ಮ ಜಾಲಕ್ಕೆ ಎರಡನೇ ನೋಡ್, ಅಂದರೆ ಬ್ಲಾಕುಗಳ ಪ್ರತಿ ಇಟ್ಟುಕೊಳ್ಳುವ ಇನ್ನೊಂದು ಕಂಪ್ಯೂಟರ್, ಮಾಡುವುದು ಮುಂದಿನ ಕೆಲಸ. ಒಂದಕ್ಕೆ ಎರಡು ಕಡ್ಡಿ, ಇನ್ನೊಂದಕ್ಕೆ ಮೂರು. ನಡುವಿನ ವಯರ್ ಕಿತ್ತು ಸ್ವಲ್ಪ ಹೊತ್ತು ಬೇರೆಬೇರೆ ಓಡಲು ಬಿಟ್ಟರೆ ಬ್ಲಾಕುಗಳ ಎರಡು ಸರಪಳಿ ಬೆಳೆಯುತ್ತವೆ. ಮತ್ತೆ ಜೋಡಿಸಿದಾಗ ಕಡಿಮೆ ಕೆಲಸ ಮಾಡಿದ ಕಡೆಯ ಬ್ಲಾಕುಗಳು ಬಿದ್ದುಹೋಗುತ್ತವೆ, ಅದರ ಬಹುಮಾನವೂ ಹೋಗುತ್ತದೆ. ಅದನ್ನು ಪರದೆಯಲ್ಲಿ ಎರಡು ಬಣ್ಣದಲ್ಲಿ ತೋರಿಸುವ ಸಣ್ಣ ಪ್ರೋಗ್ರಾಂ ಭಾವ ಬರೆಯುತ್ತಿದ್ದಾನೆ. ದೀಪಾವಳಿಗೆ ಊರಿಗೆ ಬರುವಾಗ ತರುತ್ತೇನೆ ಎಂದಿದ್ದಾನೆ.